ಕಿರಿಯ ಮಗಳ ಬಳುವಳಿ

ಕಡೂರಿನಲ್ಲಿ ರೈಲಿನಿಂದಿಳಿದು ಚಿಕ್ಕಮಗಳೂರಿನ ದಾರಿ ಹಿಡಿದ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಬಯಲುಸೀಮೆ. ರಾಗಿಯ ಹೊಲ, ತೆಂಗಿನ ತೋಟ, ಮಳೆಗಾಗಿ ಬಾಯ್ದೆರೆದ ಕಟ್ಟೆ, ದೂರದಲ್ಲಿ ದನ ಮೇಯುವ ಕಾವಲು. ಕಾಫಿಯ ನಾಡೆಂದು ಕೇಳಿ ಬಂದವನು ದಾರಿ ತಪ್ಪಿತೋ ಏನೋ ಎಂದು ಒಂದು ಗಳಿಗೆ ಶಂಕಿಸಿದರೆ ತಪ್ಪಲ್ಲ. ಆದರೆ ಮೈಲಿಗಳು ಸರಿದಂತೆ ಪಡುವಣ ಅಂಚಿನಲ್ಲಿ ನೀಲಿಯ ಗೆರೆಯೊಂದು ಮೂಡುತ್ತದೆ. ಗೆರೆ ದಪ್ಪವಾಗುತ್ತ ಕಡೆಗೆ ಚಂದ್ರದ್ರೋಣ ಪರ್ವತವಾಗಿ ಎದ್ದು ನಿಲ್ಲುತ್ತದೆ. ಇಪ್ಪತ್ತೈದು ಮೈಲಿಗಳ ಈ ಹಾದಿಯ ನಡುವೆ ಸಖರಾಯಪಟ್ಟಣವೆಂಬ ಹಳೆಯ ಊರಿದೆ. ಬೆಟ್ಟಗಳ ಮಡಿಲಿನಲ್ಲಿ ಹರಡಿಕೊಂಡಿರುವ ಅಯ್ಯನಕೆರೆ ಅದರ ಸಂಪತ್ತು.

ಈ ಸಖರಾಯಪಟ್ಟಣವನ್ನು ಹಿಂದೆ ರುಕ್ಮಾಂಗದನೆಂಬ ಅರಸನು ಆಳುತ್ತಿದ್ದನಂತೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಹಿರೇಮಗಳೂರು, ಕಿರಿಯವಳಿಗೆ ಕೊಟ್ಟದ್ದು ಚಿಕ್ಕಮಗಳೂರು. ಇಂದು ಹಿರಿಯಕ್ಕನ ಊರು ತಂಗಿಯ ಊರಿನ ಒಂದು ಬಡಾವಣೆಯಂತಾಗಿದೆ. ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಪೂಜೆ ಕನ್ನಡದಲ್ಲಿ ನಡೆಯುತ್ತದೆ. ದೇವರಿಗೂ ಭಕ್ತನಿಗೂ ಒಂದೇ ಭಾಷೆ ತಿಳಿಯುವ ಆ ಗುಡಿಯನ್ನು ನೋಡದೆ ಪೇಟೆಗೆ ಹೋಗಬಾರದು.

ಐತಿಹ್ಯದ ಆ ದಾನದಲ್ಲಿ ಊರಿನವರ ಅಭಿಪ್ರಾಯವನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಅರಸನು ಕೊಟ್ಟ, ಅಳಿಯನು ತೆಗೆದುಕೊಂಡ, ಅಷ್ಟೆ. 1978ರಲ್ಲಿ ಇದೇ ಚಿಕ್ಕಮಗಳೂರನ್ನು ಮತ್ತೊಮ್ಮೆ ಬಳುವಳಿಯಾಗಿ ಕೊಡುವ ಪ್ರಸಂಗ ಒದಗಿತು. ಈ ಸಲ ಮಾತ್ರ ಊರಿನವರನ್ನು ಕೇಳಲೇಬೇಕಾಗಿತ್ತು. ಕೇಳಿದರು, ಊರಿನವರು ಉತ್ತರವನ್ನೂ ಕೊಟ್ಟರು. ಆ ಉತ್ತರಕ್ಕೆ ಮುಂದೆ ಏನಾಯಿತೆಂಬುದೇ ಈ ಲೋಕಸಭಾ ಕ್ಷೇತ್ರದ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ.

ಮತದ ಹಕ್ಕು ಈ ನಾಡಿಗೆ ಒಂದೇ ದಿನದಲ್ಲಿ ಬಂದುದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಆಗ ಇದು ಕಡೂರು ಜಿಲ್ಲೆ. ಜಿಲ್ಲೆಯ ಕಚೇರಿ ಚಿಕ್ಕಮಗಳೂರಿನಲ್ಲಿದ್ದರೂ ಹೆಸರು ಮಾತ್ರ 1947ರವರೆಗೆ ಕಡೂರಿನದೇ ಆಗಿತ್ತು. ಸಭೆಗೆ ಹೋಗುವವರನ್ನು ಮೊದಮೊದಲು ಅಧಿಕಾರಿಗಳೇ ಆರಿಸಿ ಕಳುಹಿಸುತ್ತಿದ್ದರು. 1891ರಲ್ಲಿ ಚುನಾವಣೆಯ ಕ್ರಮ ಬಂತಾದರೂ ಮತ ಹಾಕುವ ಅರ್ಹತೆ ಆಸ್ತಿಯುಳ್ಳವರಿಗೆ, ಓದಿದವರಿಗೆ ಮೀಸಲಾಗಿತ್ತು. ತೋಟದ ಸಾಹುಕಾರರಿಗೆ ಮತವಿತ್ತು. ಅವರ ತೋಟದಲ್ಲಿ ಹಣ್ಣು ಕುಯ್ಯುವ ಹೆಂಗಸಿಗೆ ಅದರ ಹೆಸರೂ ತಿಳಿದಿರಲಿಲ್ಲ. ಅವರಿಬ್ಬರೂ ಒಂದೇ ಸಾಲಿನಲ್ಲಿ ನಿಂತದ್ದು ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ. ಕಾಫಿಯ ಸೀಮೆಯಲ್ಲಿ ಇದೊಂದು ಸಣ್ಣ ಸಂಗತಿಯಲ್ಲ.

1952ರಲ್ಲಿ ಚಿಕ್ಕಮಗಳೂರಿಗೆ ಪ್ರತ್ಯೇಕವಾದ ಲೋಕಸಭಾ ಸ್ಥಾನವಿರಲಿಲ್ಲ. ಹಾಸನ-ಚಿಕ್ಕಮಗಳೂರು ಎಂಬ ಜೋಡಿ ಹೆಸರಿನ ಕ್ಷೇತ್ರದಿಂದ ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪನವರು ಆರಿಸಿಹೋದರು. ತನ್ನದೇ ಹೆಸರಿನ ಕ್ಷೇತ್ರವಾಗಿ 1967ರಲ್ಲಿ ಮತ ಕೊಟ್ಟಾಗ ಅದು ಮೊದಲು ಆರಿಸಿದ್ದು ಕಾಂಗ್ರೆಸ್ಸನ್ನಲ್ಲ. ಗುಡಿಸಲಿನ ಗುರುತಿನ ಪ್ರಜಾ ಸಮಾಜವಾದಿ ಪಕ್ಷದ ಎಂ. ಹುಚ್ಚೇಗೌಡರು ಗೆದ್ದರು. ಇಲ್ಲಿನ ಜನ ಒಂದೇ ಪಕ್ಷಕ್ಕೆ ಕಣ್ಣುಮುಚ್ಚಿ ಮತವೊತ್ತುವವರೆಂದು ಮುಂದೆ ದೂರದ ಊರುಗಳಲ್ಲಿ ಕುಳಿತು ಬರೆದವರು ಈ ಸಂಗತಿಯನ್ನು ಮರೆತರು. 1971ರಲ್ಲಿ ಹಸು-ಕರುವಿನ ಗುರುತಿನಲ್ಲಿ ಕಾಂಗ್ರೆಸ್ಸಿನ ಡಿ. ಬಿ. ಚಂದ್ರೇಗೌಡರು ಬಂದರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು. ಆಗಿನ್ನೂ ಮೂವತ್ತೈದು ದಾಟದ ತರುಣರು. 1977ರಲ್ಲಿಯೂ ಅವರೇ ಗೆದ್ದರು. ತುರ್ತು ಪರಿಸ್ಥಿತಿಯ ಕೋಪದಲ್ಲಿ ಉತ್ತರ ಭಾರತವು ಕಾಂಗ್ರೆಸ್ಸನ್ನು ಬುಡಸಹಿತ ಕಿತ್ತುಹಾಕಿದ ಆ ವರ್ಷ, ಕರ್ನಾಟಕದ 28 ಸ್ಥಾನಗಳಲ್ಲಿ 26 ಅದೇ ಪಕ್ಷಕ್ಕೆ ದಕ್ಕಿದವು. ರಾಯ್‌ಬರೇಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೇ ರಾಜನಾರಾಯಣರ ಎದುರು 55,202 ಮತಗಳಿಂದ ಸೋತರು.

ಅಲ್ಲಿ ಸೋತವರಿಗೆ ಇಲ್ಲಿ ಸ್ಥಾನ ದೊರಕಿಸುವ ಯೋಚನೆ ಮೂಡಿದ್ದು ಆಗ. 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆಯಿತು. ಇಂದಿರಾ ಅವರ ಬಣಕ್ಕೆ ಹಸ್ತದ ಗುರುತು ಬಂತು. ಮರುತಿಂಗಳೇ ನಡೆದ ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಆ ಹೊಸ ಹಸ್ತವು 224ರಲ್ಲಿ 149 ಸ್ಥಾನಗಳನ್ನು ಹಿಡಿದು ಡಿ. ದೇವರಾಜ ಅರಸರನ್ನು ಮತ್ತೆ ಮುಖ್ಯಮಂತ್ರಿಯಾಗಿಸಿತು. ದೇಶದಲ್ಲಿ ಇಂದಿರಾ ಅವರಿಗೆ ಇದಕ್ಕಿಂತ ಭದ್ರವಾದ ನೆಲ ಬೇರೆಲ್ಲಿ? ಚಂದ್ರೇಗೌಡರು ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತರು. ನವೆಂಬರ್ 5ರಂದು ಉಪಚುನಾವಣೆ ಎಂದು ಗೊತ್ತಾಯಿತು.

ಚಿಕ್ಕಮಗಳೂರಿನ ಪೇಟೆ ಇಂದಿಗೂ ದೊಡ್ಡದಲ್ಲ. ಆಜಾದ್ ಪಾರ್ಕಿನ ವೃತ್ತದಲ್ಲಿ ನಿಂತರೆ ಊರಿನ ಅರ್ಧ ವ್ಯವಹಾರ ಕಣ್ಣೆದುರಿಗೇ ನಡೆಯುತ್ತದೆ. ಹುರಿದ ಕಾಫಿಬೀಜದ ವಾಸನೆ ಅಂಗಡಿಯಿಂದ ಅಂಗಡಿಗೆ ಹಿಂಬಾಲಿಸುತ್ತದೆ. ಸಂಜೆಯಾದೊಡನೆ ಗಿರಿಯ ಕಡೆಯಿಂದ ಚಳಿಗಾಳಿ ಇಳಿಯುತ್ತದೆ. ಇಂಥ ಊರಿಗೆ ಆ ವರ್ಷದ ಅಕ್ಟೋಬರಿನಲ್ಲಿ ದೆಹಲಿಯೇ ಎದ್ದು ಬಂದಿತು. ದೇಶದ ಪತ್ರಕರ್ತರ ಜೊತೆಗೆ ಪರದೇಶದವರೂ ಬಂದರು. ಅದುವರೆಗೆ ಊರಿನ ಹೆಸರನ್ನೇ ಕೇಳದಿದ್ದವರು ಅದನ್ನು ನಾನಾ ಬಗೆಯಲ್ಲಿ ಉಚ್ಚರಿಸಿ ನೋಡಿದರು. ಹಿಂದಿ ನಾಡಿನ ಘೋಷಣಕಾರರು ಒಂದು ಹೆಣ್ಣುಸಿಂಹಕ್ಕೆ ನೂರು ಮುಸುವಗಳೆಂಬ ಅರ್ಥದ ಕೂಗೊಂದನ್ನು ಈ ಊರಿನ ಹೆಸರಿಗೆ ಪ್ರಾಸ ಹೊಂದಿಸಿ ಕಟ್ಟಿದರು. ರುಕ್ಮಾಂಗದನ ಕಿರಿಯ ಮಗಳ ಹೆಸರು ಗಂಗಾ ತೀರದ ಬೀದಿಗಳಲ್ಲಿ ಮೊಳಗಿದ್ದು ಹೀಗೆ.

ಜನತಾ ಪಕ್ಷವು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ನಿಲ್ಲಿಸಿತು. ಪ್ರಚಾರದ ಮುಂದಾಳು ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸ್, ಆಗ ಕೇಂದ್ರದ ಕೈಗಾರಿಕಾ ಸಚಿವರು. ಪರಸ್ಥಳದವರಿಗೆ ಈ ಕ್ಷೇತ್ರದಲ್ಲೇನು ಕೆಲಸ ಎಂಬ ಪ್ರಶ್ನೆ ಆಗ ಏಳದೆ ಇರಲಿಲ್ಲ. ಆದರೆ ಆ ಪ್ರಶ್ನೆಗೆ ಬಲವಿರಲಿಲ್ಲ. ಪಾಟೀಲರು ಗುಲ್ಬರ್ಗ ಸೀಮೆಯ ಚಿಂಚೋಳಿಯವರು. ಅಲ್ಲಿಂದ ಈ ಮಲೆಗೆ ಬರುವುದೂ ಸುಲಭದ ದೂರವಲ್ಲ. ಫರ್ನಾಂಡಿಸರಾದರೋ ಹಿಂದಿನ ವರ್ಷ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ದಿದ್ದವರು. ದೂರದ ಮತದಾರರು ಒಬ್ಬ ಪೀಡಿತನಿಗೆ ಆಸರೆ ಕೊಡುವುದು ನ್ಯಾಯವೆಂದು ಅಲ್ಲಿ ಒಪ್ಪಿದ ಮೇಲೆ ಇಲ್ಲಿ ಅಲ್ಲವೆನ್ನುವುದು ಹೇಗೆ? ಇಂದಿರಾ ಅವರು ಪೀಡಿತರೇ ಎಂಬುದು ಬೇರೆ ಪ್ರಶ್ನೆ. ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಸೆರೆಗೆ ನೂಕಿದ ಸರ್ಕಾರದ ಒಡತಿ ಅವರು; ಆ ಲೆಕ್ಕವನ್ನು ಕೇಳುವ ಹಕ್ಕು ಎದುರಾಳಿಗಳಿಗೆ ಖಂಡಿತವಾಗಿ ಇತ್ತು.

ಪೇಟೆಯ ಜಗಲಿಯಲ್ಲಿ ಇದು ಸರ್ವಾಧಿಕಾರ-ಪ್ರಜಾಧಿಕಾರಗಳ ಸಮರ. ರಾಜ್ಯದ ರಾಜಕೀಯ ಬಲ್ಲವರಿಗೆ ಅರಸು-ಪಾಟೀಲರ ಹಳೆಯ ಮಲ್ಲಯುದ್ಧದ ಮತ್ತೊಂದು ಸುತ್ತು. 1969ರ ಒಡಕಿನಲ್ಲಿ ಪಾಟೀಲರು ನಿಜಲಿಂಗಪ್ಪನವರ ಪಕ್ಕಕ್ಕೆ ನಿಂತರು, ಅರಸರು ಇಂದಿರಾ ಅವರ ಕಡೆ ಹೋದರು; 1971ರಲ್ಲಿ ಪಾಟೀಲರ ಸರ್ಕಾರ ಉರುಳಿ ಮರುವರ್ಷ ಅರಸರು ಮುಖ್ಯಮಂತ್ರಿಯಾದರು. ಇವೆರಡು ನೋಟಗಳೂ ನಿಜವೇ. ಆದರೆ ಪೇಟೆಯನ್ನು ಬಿಟ್ಟು ಬೆಟ್ಟ ಹತ್ತಿದವರಿಗೆ ಕಾಣುತ್ತಿದ್ದದ್ದು ಮೂರನೆಯ ನೋಟ.

ಊರ ಹೊರಗೆ ರಸ್ತೆ ಏರತೊಡಗಿದಂತೆ ಇಕ್ಕೆಲಗಳಲ್ಲೂ ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿ ಗಿಡ. ನವೆಂಬರೆಂದರೆ ಅರೇಬಿಕ ಹಣ್ಣಾಗಿ ಕೆಂಪೇರುವ ಕಾಲ. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕುಯ್ಲಿಗೆ ಇಳಿಯುತ್ತಾರೆ. ಸಂಜೆ ಮೇಸ್ತ್ರಿಯ ಮುಂದೆ ಹಣ್ಣು ಅಳೆಸಿ, ರೈಟರು ಬರೆದುಕೊಂಡ ಲೆಕ್ಕವನ್ನು ನಂಬಿ ಲೈನು ಮನೆಗೆ ಮರಳುತ್ತಾರೆ. ಬಾಬಾಬುಡನ್ ಎಂಬ ಸಂತನು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಈ ಗಿರಿಯಲ್ಲಿ ಬಿತ್ತಿದನೆಂಬ ಕಥೆಯನ್ನು ಪ್ರವಾಸಿಗಳಿಗೆ ಎಲ್ಲರೂ ಹೇಳುತ್ತಾರೆ. ಆ ಬೀಜ ಹೆಮ್ಮರವಾಗಲು ದುಡಿದವರ ಕಥೆ ಹೇಳುವವರು ಕಡಮೆ. ಅವರಲ್ಲಿ ಬಹುಮಂದಿಗೆ ತುಂಡು ನೆಲವಿರಲಿಲ್ಲ; ಸಾಲದ ಬದಲು ದುಡಿಯುವ ಜೀತ ಕೆಲವರಿಗೆ ತಂದೆಯಿಂದ ಬಂದ ಆಸ್ತಿಯಾಗಿತ್ತು.

ಎಪ್ಪತ್ತರ ದಶಕದಲ್ಲಿ ಸರ್ಕಾರವೆಂಬುದು ಈ ಮನೆಗಳ ಬಾಗಿಲಿಗೆ ಮೊದಲ ಸಲ ಬಂದಿತು. ಜೀತ ನಿಷೇಧ, ಸಾಲದ ಪರಿಹಾರ, ಮನೆ ಕಟ್ಟಲು ನಿವೇಶನ. ಹಿಂದುಳಿದವರಿಗಾಗಿ ಹಾವನೂರರ ಆಯೋಗ, 1975ರಲ್ಲಿ ಅದರ ವರದಿ. ಇವುಗಳಲ್ಲಿ ಎಷ್ಟು ಕಾಗದದಲ್ಲಿ ಉಳಿದವು, ಎಷ್ಟು ಕೈಸೇರಿದವು ಎಂದು ವಾದಿಸಬಹುದು. ತಮ್ಮನ್ನು ಕುರಿತು ಒಂದು ಕಾಗದವಾದರೂ ಹುಟ್ಟಿತೆಂಬುದು ಲೈನು ಮನೆಯವರಿಗೆ ಹೊಸ ಅನುಭವ. ಆ ಕಾಗದಕ್ಕೆ ಅವರು ಕೊಟ್ಟ ಹೆಸರು ಅರಸು. ಅರಸರ ಬೆನ್ನಿಗಿದ್ದ ಹೆಸರು ಇಂದಿರಮ್ಮ. ಪತ್ರಿಕಾ ಸ್ವಾತಂತ್ರ್ಯ ಹೋದಾಗ ಪತ್ರಿಕೆ ಓದಲು ಬಾರದವರಿಗೆ ಆದ ನಷ್ಟವೇನೆಂದು ಅಂದು ಯಾರಾದರೂ ಕೇಳಿದ್ದರೆ ಉತ್ತರ ಸುಲಭವಾಗಿರಲಿಲ್ಲ. ನಷ್ಟವಿತ್ತು, ಆದರೆ ಅದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲವರು ಪ್ರಚಾರದ ಜೀಪುಗಳಲ್ಲಿ ಕಾಣಲಿಲ್ಲ.

ನವೆಂಬರ್ 5ರಂದು ಜನ ಸಾಲುಗಟ್ಟಿ ಮತ ಹಾಕಿದರು. ಎಡಗೈಯ ತೋರುಬೆರಳಿಗೆ, ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸಲಾಗದ ಮಸಿ. ಎಣಿಕೆ ಮುಗಿದಾಗ ಇಂದಿರಾ ಅವರಿಗೆ 2,49,376, ಪಾಟೀಲರಿಗೆ 1,72,043. ಅಂತರ 77,333. ರಾಯ್‌ಬರೇಲಿಯಲ್ಲಿ ಸೋತ ಅಂತರಕ್ಕಿಂತ ಇದು ಇಪ್ಪತ್ತೆರಡು ಸಾವಿರ ಹೆಚ್ಚು.

ಮೂಡಿಗೆರೆಯ ದಾರಿಯಲ್ಲಿ ಮಲೆ ದಟ್ಟವಾಗುತ್ತದೆ. ಹೇಮಾವತಿಯ ಉಗಮ ಈ ತಾಲ್ಲೂಕಿನಲ್ಲಿಯೇ. ಮಳೆಗಾಲದಲ್ಲಿ ಇಲ್ಲಿ ಸೂರ್ಯನನ್ನು ಕಾಣದೆ ವಾರಗಳು ಕಳೆಯುವುದುಂಟು. ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟ ಚಂದ್ರೇಗೌಡರ ದಾರದಹಳ್ಳಿ ಈ ಭಾಗದ್ದು. ತ್ಯಾಗವೆಂದು ಕೆಲವರು, ಲೆಕ್ಕಾಚಾರವೆಂದು ಕೆಲವರು ಅದನ್ನು ಕರೆದರು. ಅವರು ವಿಧಾನ ಪರಿಷತ್ತಿನ ಸದಸ್ಯರಾಗಿ ಅರಸರ ಸಂಪುಟವನ್ನು ಸೇರಿದರು. ಆಮೇಲಿನ ಅವರ ಹಾದಿ ಚಾರ್ಮಾಡಿ ಘಾಟಿಗಿಂತಲೂ ಹೆಚ್ಚು ತಿರುವುಗಳುಳ್ಳದ್ದು: 1983ರಲ್ಲಿ ತೀರ್ಥಹಳ್ಳಿಯಿಂದ ಜನತಾ ಪಕ್ಷದ ಶಾಸಕ, ವಿಧಾನಸಭೆಯ ಅಧ್ಯಕ್ಷ, 1999ರಲ್ಲಿ ಶೃಂಗೇರಿಯಿಂದ ಗೆದ್ದು ಕಾಂಗ್ರೆಸ್ ಸರ್ಕಾರದ ಕಾನೂನು ಸಚಿವ, 2009ರಲ್ಲಿ ಭಾರತೀಯ ಜನತಾ ಪಕ್ಷದಿಂದ ಬೆಂಗಳೂರು ಉತ್ತರದ ಲೋಕಸಭಾ ಸದಸ್ಯ. 2023ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಮೊದಲು ನೆನೆದದ್ದು ಗೆದ್ದ ಚುನಾವಣೆಗಳನ್ನಲ್ಲ, ಬಿಟ್ಟುಕೊಟ್ಟ ಸ್ಥಾನವನ್ನು.

ಒಂದು ಮಾತನ್ನು ಇಲ್ಲಿ ಹೇಳಬೇಕು. ಸ್ಥಾನವನ್ನು ಚಂದ್ರೇಗೌಡರು ಬಿಟ್ಟುಕೊಟ್ಟರು ಎನ್ನುವುದು ಅರ್ಧ ಸತ್ಯ. ಅವರು ಬಿಟ್ಟದ್ದು ತಮ್ಮ ಸದಸ್ಯತ್ವವನ್ನು. ಕ್ಷೇತ್ರವನ್ನು ಕೊಡುವ ಅಧಿಕಾರ ಅವರಿಗೂ ಇರಲಿಲ್ಲ, ಅರಸರಿಗೂ ಇರಲಿಲ್ಲ. ಕೊಟ್ಟವರು 2,49,376 ಮಂದಿ. ಬಳುವಳಿಯ ಉಪಮೆ ಇಲ್ಲಿ ಕುಂಟುತ್ತದೆ, ಕುಂಟಲೇಬೇಕು.

ಕೊಟ್ಟಿಗೆಹಾರದಿಂದ ಕುದುರೆಮುಖದ ಕಡೆಗೆ ತಿರುಗಿದ ದಾರಿ ಹುಲ್ಲುಗುಡ್ಡಗಳ ಸೆರಗಿನಲ್ಲಿ ಸುತ್ತುತ್ತ ಸಾಗುತ್ತದೆ. 1976ರಲ್ಲಿ ಸ್ಥಾಪಿತವಾದ ಅದಿರು ಕಂಪನಿಯ ಗಣಿ ಇಲ್ಲಿತ್ತು. 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಜನ ಬಿಟ್ಟುಹೋದ ಮನೆಗಳ ಮೇಲೆ ಈಗ ಮಂಜು ಇಳಿಯುತ್ತದೆ. ಅಲ್ಲಿಂದ ಮಾಳದ ಘಾಟಿಯನ್ನಿಳಿದು ಬಜಗೋಳಿಯನ್ನು ಹಾದರೆ ಕಾರ್ಕಳ. ಗಾಳಿ ಬಿಸಿಯಾಗುತ್ತದೆ, ಹಂಚಿನ ಮನೆಗಳು ಬೇರೆಯಾಗುತ್ತವೆ, ಕಿವಿಗೆ ತುಳು ಬೀಳುತ್ತದೆ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟ ಬಂಡೆಯ ಮೇಲಿನಿಂದ ನೋಡುತ್ತಾನೆ. 1956ರವರೆಗೆ ಈ ತಾಲ್ಲೂಕು ಮದರಾಸಿಗೆ ಸೇರಿದ ದಕ್ಷಿಣ ಕನ್ನಡದ್ದು. ಕಾಫಿಗೂ ಇದಕ್ಕೂ ನಂಟಿಲ್ಲ. ಆದರೆ 1978ರ ಚಿಕ್ಕಮಗಳೂರು ಕ್ಷೇತ್ರದಲ್ಲಿ ಕಾರ್ಕಳವೂ ಸೇರಿತ್ತು.

ಇಲ್ಲಿನ ಮತಕ್ಕೆ ಬೇರೆಯೇ ಕಾರಣವಿತ್ತು. ಕರಾವಳಿಯ ಗದ್ದೆಗಳಲ್ಲಿ ಬೇಸಾಯ ಮಾಡುವವನೊಬ್ಬ, ಒಡೆಯನೊಬ್ಬ. ಒಕ್ಕಲು ಮುಡಿ ಮುಡಿಯಾಗಿ ಗೇಣಿಯಕ್ಕಿ ಅಳೆದುಕೊಡಬೇಕು. ಚಾಲಗೇಣಿಯವನನ್ನು ಒಡೆಯನು ಬೇಕಾದಾಗ ಎಬ್ಬಿಸಬಹುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯ ಭೂಮಿಯನ್ನು ಸರ್ಕಾರದ್ದಾಗಿಸಿ ಉಳುವವನಿಗೆ ಕೊಡುವ ದಾರಿ ತೆರೆಯಿತು. ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿ ತುಂಬಿದರು. ಇದಕ್ಕೆ ಇಲ್ಲಿನ ಹಳ್ಳಿಗಳಲ್ಲಿ ‘ಡಿಕ್ಲರೇಷನ್ ಕೊಡುವುದು’ ಎಂದೇ ಹೆಸರು. ಭೂ ನ್ಯಾಯಮಂಡಳಿಗಳ ಮುಂದೆ ಒಡೆಯನೂ ಒಕ್ಕಲೂ ಸಮನಾಗಿ ನಿಂತು ಸಾಕ್ಷಿ ಹೇಳಿದರು. ಜಮೀನು ಕಳೆದುಕೊಂಡವರಲ್ಲಿ ದೊಡ್ಡ ಒಡೆಯರಷ್ಟೇ ಇರಲಿಲ್ಲ, ನಾಲ್ಕು ಮುಡಿ ಗೇಣಿಯನ್ನೇ ನಂಬಿದ್ದ ಬಡ ವಿಧವೆಯರೂ ಇದ್ದರು. ಅವರ ಅಳಲನ್ನು ಮರೆಯುವುದು ನ್ಯಾಯವಲ್ಲ. ಆದರೂ ಎಣಿಕೆಯಲ್ಲಿ ಒಕ್ಕಲು ಹೆಚ್ಚು, ಒಡೆಯ ಕಡಮೆ. ಮತಪೆಟ್ಟಿಗೆ ಬಲ್ಲುದು ಎಣಿಕೆಯನ್ನು ಮಾತ್ರ.

ಈ ಕಾರ್ಕಳ ತಾಲ್ಲೂಕಿನಲ್ಲಿ ಕೌಡೂರೆಂಬ ಗ್ರಾಮವಿದೆ. 1909ರಲ್ಲಿ ಅಲ್ಲಿ ಹುಟ್ಟಿದ ಕೆ. ಎಸ್. ಹೆಗ್ಡೆಯವರು ವಕೀಲರಾಗಿ, ನ್ಯಾಯಾಧೀಶರಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿದವರು. 1973ರಲ್ಲಿ ಇಂದಿರಾ ಸರ್ಕಾರವು ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ ಹೆಗ್ಡೆಯವರು ರಾಜೀನಾಮೆಯಿತ್ತು ಹೊರಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು, ಅದೇ ವರ್ಷ ಲೋಕಸಭೆಯ ಅಧ್ಯಕ್ಷರಾದರು. ಚಿಕ್ಕಮಗಳೂರಿನ ಹೊಸ ಸದಸ್ಯೆ ಸಭೆಯೊಳಗೆ ಬಂದಾಗ ಪೀಠದಲ್ಲಿದ್ದವರು ಆಕೆಯ ಕ್ಷೇತ್ರದಲ್ಲಿಯೇ ಹುಟ್ಟಿದವರು. ಕಾದಂಬರಿಕಾರನು ಇಂಥ ಸನ್ನಿವೇಶವನ್ನು ಕಲ್ಪಿಸಿದರೆ ಓದುಗರು ಅತಿಯಾಯಿತೆನ್ನುತ್ತಿದ್ದರು.

ಸಭೆಯ ಮುಂದೆ ಹಕ್ಕುಚ್ಯುತಿಯ ಪ್ರಶ್ನೆಯೊಂದಿತ್ತು. ಮಾರುತಿ ಕಂಪನಿಯನ್ನು ಕುರಿತು ಹಿಂದಿನ ಲೋಕಸಭೆಯಲ್ಲಿ ಕೇಳಲಾದ ಪ್ರಶ್ನೆಗೆ ಮಾಹಿತಿ ಕೂಡಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಆಗ ಪ್ರಧಾನಿಯಾಗಿದ್ದ ಇಂದಿರಾ ಅವರು ತಡೆಯೊಡ್ಡಿ ಕಿರುಕುಳ ಕೊಡಿಸಿದರೆಂಬುದು ಆರೋಪ. ಸಮರ್ ಗುಹಾ ಅವರ ಅಧ್ಯಕ್ಷತೆಯ ಹಕ್ಕುಬಾಧ್ಯತಾ ಸಮಿತಿಯು ತಪ್ಪು ನಡೆದಿದೆಯೆಂದು ವರದಿ ಕೊಟ್ಟಿತು. ಡಿಸೆಂಬರ್ 19ರಂದು, ಪ್ರಧಾನಿ ಮೊರಾರ್ಜಿ ದೇಸಾಯಿಯವರ ಸೂಚನೆಯನ್ನು ಸಭೆಯು 138ರ ವಿರುದ್ಧ 279 ಮತಗಳಿಂದ ಒಪ್ಪಿತು: ಸದಸ್ಯತ್ವದಿಂದ ಉಚ್ಚಾಟನೆ, ಅಧಿವೇಶನ ಮುಗಿಯುವವರೆಗೆ ಸೆರೆ. ಅಧ್ಯಕ್ಷ ಹೆಗ್ಡೆಯವರ ಸಹಿಯ ವಾರಂಟಿನ ಮೇಲೆ ಅವರನ್ನು ತಿಹಾರ್ ಸೆರೆಮನೆಗೆ ಕರೆದೊಯ್ದರು. ಡಿಸೆಂಬರ್ 26ರಂದು ಬಿಟ್ಟರು.

ಮತದಾನದಿಂದ ಉಚ್ಚಾಟನೆಗೆ 44 ದಿನ. ಬಾಬಾಬುಡನ್ ಗಿರಿಯ ತೋಟಗಳಲ್ಲಿ ಕುಯ್ಲಿನ್ನೂ ಮುಗಿದಿರಲಿಲ್ಲ. ಕುಯ್ಯುವವಳ ಉಗುರಿನಲ್ಲಿ ಮೈಸೂರಿನ ಮಸಿಯ ಗೆರೆ ಇನ್ನೂ ಪೂರ್ತಿ ಮಾಸಿರಲಿಲ್ಲ.

ಆರೋಪ ಸುಳ್ಳೆಂದು ಹೇಳುವಂತಿಲ್ಲ. ಅಧಿಕಾರಿಗಳನ್ನು ಹೆದರಿಸುವುದು ಸಭೆಯನ್ನೇ ಹೆದರಿಸಿದಂತೆ. ಖಂಡನೆ ಮಾಡಬಹುದಾಗಿತ್ತು, ಅಧಿವೇಶನದಿಂದ ಹೊರಗಿಡಬಹುದಾಗಿತ್ತು, ನ್ಯಾಯಾಲಯಕ್ಕೊಪ್ಪಿಸಬಹುದಾಗಿತ್ತು. ಉಚ್ಚಾಟನೆಯ ಏಟು ಮಾತ್ರ ಆರೋಪಿಯ ಮೇಲೆ ಬಿದ್ದು ಅಲ್ಲಿಗೇ ನಿಲ್ಲಲಿಲ್ಲ. ಪ್ರಚಾರದುದ್ದಕ್ಕೂ ತುರ್ತು ಪರಿಸ್ಥಿತಿಯ ತಪ್ಪುಗಳನ್ನು ಈ ಮತದಾರರ ಮುಂದೆಯೇ ಎಣಿಸಿ ಹೇಳಲಾಗಿತ್ತು. ಅವನ್ನೆಲ್ಲ ಕೇಳಿದ ಮೇಲೆಯೂ ಅವರು ತಮ್ಮ ತೀರ್ಪನ್ನು ಕೊಟ್ಟಿದ್ದರು. ಆ ತೀರ್ಪು ಸರಿಯಲ್ಲವೆನ್ನುವ ಹಕ್ಕು ಎಲ್ಲರಿಗೂ ಇತ್ತು. ಅದನ್ನು ಆರು ವಾರದಲ್ಲಿ ಅಳಿಸಿಬಿಡುವ ಹಕ್ಕು 279 ಜನರಿಗೆ ಇತ್ತೇ? ಕಾನೂನು ಇತ್ತೆನ್ನುತ್ತದೆ. ಸಂಸತ್ತಿಗೆ ಉಚ್ಚಾಟನೆಯ ಅಧಿಕಾರವಿದೆಯೆಂದು 2007ರ ಜನವರಿಯಲ್ಲಿ, ಬೇರೊಂದು ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಕಾನೂನಿನ ಉತ್ತರವನ್ನು ಒಪ್ಪಿಕೊಂಡ ಮೇಲೆಯೂ ಪ್ರಶ್ನೆ ಮಾತ್ರ ಮೂಡಿಗೆರೆಯ ಮಳೆಯಂತೆ ಬಿಡದೆ ಜಿನುಗುತ್ತಲೇ ಇದೆ.

ಆಮೇಲಿನ ವರ್ಷ ಲೋಕಸಭೆಯಲ್ಲಿ ಚಿಕ್ಕಮಗಳೂರಿನ ಆಸನ ಬರಿದಾಗಿಯೇ ಉಳಿಯಿತು. 1979ರ ಜುಲೈಯಲ್ಲಿ ಮೊರಾರ್ಜಿ ಸರ್ಕಾರ ಬಿತ್ತು, ಆಗಸ್ಟಿನಲ್ಲಿ ಲೋಕಸಭೆ ವಿಸರ್ಜನೆಯಾಯಿತು. ಅಷ್ಟರೊಳಗೆ ಕಾಫಿಯ ಬೆಲೆಯ ಬಗ್ಗೆಯಾಗಲಿ ರೈಲಿನ ಬಗ್ಗೆಯಾಗಲಿ ಈ ಕ್ಷೇತ್ರದ ಪರವಾಗಿ ಎದ್ದು ಕೇಳುವ ತನ್ನದೇ ಸದಸ್ಯರು ಅದಕ್ಕಿರಲಿಲ್ಲ. ಕಡೂರು-ಚಿಕ್ಕಮಗಳೂರು ರೈಲು ಓಡಿದ್ದು 2013ರಲ್ಲಿ.

1978ರ ಪಾತ್ರಧಾರಿಗಳು ಬೇಗನೆ ವೇಷ ಬದಲಿಸಿದರು. ಅರಸರು 1979ರ ಜೂನಿನಲ್ಲಿ ಇಂದಿರಾ ಅವರ ಪಕ್ಷದಿಂದಲೇ ಹೊರದೂಡಲ್ಪಟ್ಟರು. 1980ರ ಜನವರಿಯ ಚುನಾವಣೆಯಲ್ಲಿ ಆ ಪಕ್ಷ ಕರ್ನಾಟಕದ 28ರಲ್ಲಿ 27 ಸ್ಥಾನಗಳನ್ನು ಗೆದ್ದಾಗ ಅವರ ಅಧಿಕಾರವೂ ಹೋಯಿತು. ಇಂದಿರಮ್ಮನನ್ನು ಮಲೆನಾಡಿಗೆ ಕರೆತಂದ ಅರಸರನ್ನು ಮಲೆನಾಡು ಕೈಬಿಟ್ಟಿತು. ಅವರ ಎದುರಾಳಿ ವೀರೇಂದ್ರ ಪಾಟೀಲರು ಇಂದಿರಾ ಪಕ್ಷವನ್ನು ಸೇರಿ ಅದೇ 1980ರಲ್ಲಿ ಅವರ ಸಂಪುಟದಲ್ಲಿ ಸಚಿವರಾದರು. ಹೆಗ್ಡೆಯವರು ಕಾರ್ಕಳದ ಬಳಿಯ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟುವುದರಲ್ಲಿ ತೊಡಗಿದರು. ಇಂದಿರಾ ಅವರು ರಾಯ್‌ಬರೇಲಿ ಮತ್ತು ಮೇದಕ್ ಎರಡು ಕಡೆಯೂ ನಿಂತು ಎರಡು ಕಡೆಯೂ ಗೆದ್ದರು. ಚಿಕ್ಕಮಗಳೂರಿಗೆ ಅಭ್ಯರ್ಥಿಯಾಗಿ ಅವರು ಮರಳಲಿಲ್ಲ. ಇಲ್ಲಿಂದ ಅವರ ಪಕ್ಷದ ಡಿ. ಎಂ. ಪುಟ್ಟೇಗೌಡರು ಆರಿಸಿಬಂದರು. 1981ರ ಮೇ 7ರಂದು ಹೊಸ ಲೋಕಸಭೆಯು ಹಳೆಯ ಉಚ್ಚಾಟನೆಯ ನಿರ್ಣಯವನ್ನು ರದ್ದುಪಡಿಸಿತು. ಸದಸ್ಯೆಯ ಮಾನ ಕಾಗದದಲ್ಲಿ ಮರಳಿತು. ಬರಿದಾದ ವರ್ಷವನ್ನು ಮರಳಿಸುವ ನಿರ್ಣಯ ಯಾವ ಸಭೆಗೂ ಸಾಧ್ಯವಿರಲಿಲ್ಲ. ಊರಿಗೆ ಉಳಿದ ಗುರುತೆಂದರೆ ಪೇಟೆಯಲ್ಲೊಂದು ಇಂದಿರಾ ಗಾಂಧಿ ರಸ್ತೆ. ಐ.ಜಿ. ರೋಡ್ ಎಂದು ಕರೆಯುವ ಇಂದಿನ ಹುಡುಗರಲ್ಲಿ ಆ ಎರಡಕ್ಷರಗಳ ಹಿಂದಿನ ಗದ್ದಲವನ್ನು ಬಲ್ಲವರು ಎಷ್ಟು ಮಂದಿಯೋ.

ಅನಂತರದ ಚುನಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು. 1984ರಲ್ಲಿಯೂ 1991ರಲ್ಲಿಯೂ ಕಾಂಗ್ರೆಸ್ಸಿನ ಡಿ. ಕೆ. ತಾರಾದೇವಿ, 1996ರಲ್ಲಿ ಜನತಾದಳದ ಬಿ. ಎಲ್. ಶಂಕರ್, 1998ರಿಂದ ಸತತವಾಗಿ ಮೂರು ಬಾರಿ ಭಾರತೀಯ ಜನತಾ ಪಕ್ಷದ ಡಿ. ಸಿ. ಶ್ರೀಕಂಠಪ್ಪ. ಸಮಾಜವಾದಿ, ಕಾಂಗ್ರೆಸ್, ದಳ, ಭಾಜಪ ಎಂದು ನಾಲ್ಕು ದಾರಿಗಳನ್ನೂ ನಡೆದು ನೋಡಿದ ಕ್ಷೇತ್ರವಿದು.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚಿಕ್ಕಮಗಳೂರು ಕ್ಷೇತ್ರವು ನಕ್ಷೆಯಿಂದ ಮರೆಯಾಯಿತು. ಪ್ರವಾಸಿಯು ರೈಲಿಳಿದ ಕಡೂರು ಹಾಸನಕ್ಕೆ ಹೋಯಿತು. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆಗಳು ಘಟ್ಟದ ಕೆಳಗಿನ ಕಾರ್ಕಳ, ಉಡುಪಿ, ಕಾಪು, ಕುಂದಾಪುರಗಳೊಡನೆ ಸೇರಿ ‘ಉಡುಪಿ-ಚಿಕ್ಕಮಗಳೂರು’ ಎಂಬ ಹೊಸ ಕ್ಷೇತ್ರವಾಯಿತು. ಹಾಸನದ ಹೆಸರಿನ ಹಿಂದೆ ನಿಂತು ಆರಂಭಿಸಿದ ಊರು ಈಗ ಉಡುಪಿಯ ಹೆಸರಿನ ಹಿಂದೆ ನಿಂತಿದೆ. 2009ರಲ್ಲಿ ಗೆದ್ದ ಡಿ. ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಲೋಕಸಭೆಯನ್ನು ಬಿಟ್ಟಾಗ 2012ರಲ್ಲಿ ಇಲ್ಲಿ ಉಪಚುನಾವಣೆಯಾಯಿತು; ಕಾಂಗ್ರೆಸ್ಸಿನ ಕೆ. ಜಯಪ್ರಕಾಶ ಹೆಗ್ಡೆ ಗೆದ್ದರು. ಆ ಸಲ ಗಂಗಾ ತೀರದಲ್ಲಿ ಯಾರೂ ಪ್ರಾಸ ಕಟ್ಟಲಿಲ್ಲ. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಆರಿಸಿಹೋದರು.

1978ರಲ್ಲಿ ಕಾರ್ಕಳದ ಒಕ್ಕಲಿನ ಮತವು ಘಟ್ಟ ಹತ್ತಿ ಚಿಕ್ಕಮಗಳೂರಿನ ಲೆಕ್ಕಕ್ಕೆ ಸೇರಿತ್ತು. ಈಗ ಚುನಾವಣಾಧಿಕಾರಿಯ ಕಚೇರಿ ಉಡುಪಿಯ ಕಡೆಗಿದೆ. ಲೋಕಸಭೆಗೆ ನಿಲ್ಲಬೇಕೆನ್ನುವ ಚಿಕ್ಕಮಗಳೂರಿನವನು ನಾಮಪತ್ರವನ್ನು ಕೈಯಲ್ಲಿ ಹಿಡಿದು, ಕಾಫಿ ತೋಟಗಳನ್ನು ಹಿಂದಕ್ಕೆ ಬಿಟ್ಟು, ಘಟ್ಟವಿಳಿದು ಸಮುದ್ರದ ಬಿಸಿಗಾಳಿಗೆ ಹೋಗಬೇಕು.